ನುಂಗಂಬಾಕ್ಕಂ ಕೆರೆಯೂ ನಮ್ಮ ಬಾಡಿಗೆಮನೆಗಳೂ

ನುಂಗಂಬಾಕ್ಕದಲ್ಲಿ ಟ್ಯಾಂಕ್ ಬಂಡ್ ರೋಡ್ ಎಂಬುದೊಂದು ರಸ್ತೆಯುಂಟು. ಎಂದರೆ ಕೆರೆಯ ಏರಿ. ಲೇಕ್ ಏರಿಯಾ ಎಂಬ ಬಡಾವಣೆಯೂ ಉಂಟು. ಸ್ವಲ್ಪ ದೂರದ ಪಶ್ಚಿಮ ಮಾಂಬಳದಲ್ಲಿ ಲೇಕ್ ವ್ಯೂ ರೋಡ್ ಕೂಡ ಇದೆ. ಊರಿನಿಂದ ಬಂದ ನೆಂಟರನ್ನು ಈ ದಾರಿಯಲ್ಲಿ ಕರೆದೊಯ್ದಾಗ ಅವರು ತಪ್ಪದೆ ಕೇಳುವ ಪ್ರಶ್ನೆಯೊಂದೇ: "ಕೆರೆ ಎಲ್ಲಿ?" ನಾವು ಮನೆಗಳತ್ತ ಬೆರಳು ತೋರಿಸಬೇಕಾಗುತ್ತದೆ. ಕೆರೆ ಇದ್ದಲ್ಲೇ ಮನೆಗಳು ಎದ್ದುವು. ಆ ಮನೆಗಳಲ್ಲಿ ನಾವೂ ಬಾಡಿಗೆಗಿದ್ದೆವು. ಆದುದರಿಂದ ಈ ಕಥೆ ನಮಗೆ ಪೂರ್ತಿ ಹೊರಗಿನದೆನ್ನಲಾಗದು.

1708ರಲ್ಲಿ ನವಾಬ ದಾವೂದ್ ಖಾನನು ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟ ಐದು ಗ್ರಾಮಗಳಲ್ಲಿ ನುಂಗಂಬಾಕ್ಕವೂ ಒಂದು. ಬಹುಕಾಲ ಅದು ಹಳ್ಳಿಯಾಗಿಯೂ ದೊರೆಗಳ ತೋಟದ ಬಂಗಲೆಗಳ ತಾಣವಾಗಿಯೂ ಉಳಿಯಿತು. ಮೌಂಟ್ ರೋಡಿನ ಪಶ್ಚಿಮಕ್ಕೆ, ನುಂಗಂಬಾಕ್ಕದಿಂದ ಸೈದಾಪೇಟೆಯ ಕಡೆಗೆ, ಬಿಲ್ಲಿನಂತೆ ಬಾಗಿದ ಬಹು ಉದ್ದದ ಕೆರೆಯಿತ್ತು. ಆಂಗ್ಲರು ಅದನ್ನು ಲಾಂಗ್ ಟ್ಯಾಂಕ್ ಎಂದೇ ಕರೆದರು. ನಗರವು ಬೆಳೆದು ನಡುಮಟ್ಟದ ಸಂಸಾರಗಳಿಗೆ ನೆಲ ಸಾಲದಾದಾಗ, 1920ರ ಮದರಾಸು ನಗರ ಯೋಜನಾ ಕಾಯಿದೆಯ ಬೆನ್ನಿಗೇ ಜಸ್ಟಿಸ್ ಪಕ್ಷದ ಸರಕಾರದ ಕಾಲದಲ್ಲಿ ಕೆರೆಯ ಮೇಲೆ ಕಣ್ಣು ಬಿತ್ತು. ಅದರ ದೊಡ್ಡ ಭಾಗವು ತ್ಯಾಗರಾಯನಗರವಾಯಿತು. ನುಂಗಂಬಾಕ್ಕದ ಕಡೆ ಉಳಿದಿದ್ದ ತುಂಡು 1970ರ ದಶಕದಲ್ಲಿ ತುಂಬಿತು. 1976ರಲ್ಲಿ ಉದ್ಘಾಟನೆಯಾದ ವಳ್ಳುವರ್ ಕೋಟ್ಟದ ಕಲ್ಲಿನ ರಥ ನಿಂತಿರುವುದು ಆ ಕೆರೆಯಂಗಳದಲ್ಲಿಯೇ. ಮನೆಯಿಲ್ಲದವರಿಗೆ ಮನೆ ಬೇಕಿತ್ತೆಂಬುದು ನಿಜ. ಆದರೆ ನೀರು ತನ್ನ ಹಳೆಯ ವಿಳಾಸವನ್ನು ಮರೆಯುವುದಿಲ್ಲ. 2015ರ ಡಿಸೆಂಬರಿನ ಮಳೆಯಲ್ಲಿ ನಗರವೆಲ್ಲ ನೀರಾದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಡವರ ವಿಷಯದಲ್ಲಿ ಮದರಾಸು ಮಾಡಿದ ಒಂದು ಕೆಲಸ ನಮಗೆ ವಿಶೇಷವಾಗಿ ತೋರುತ್ತದೆ. ಇಲ್ಲಿ ಬರಿಯ ನೆಲವನ್ನು ಬಾಡಿಗೆಗೆ ಪಡೆದು, ಅದರ ಮೇಲೆ ತಮ್ಮದೇ ಹಣದಿಂದ ಮಣ್ಣಿನದೋ ಇಟ್ಟಿಗೆಯದೋ ಮನೆ ಕಟ್ಟಿಕೊಳ್ಳುವುದು ವಾಡಿಕೆಯಾಗಿತ್ತು. ನೆಲ ಒಬ್ಬರದು, ಗೋಡೆ ಇನ್ನೊಬ್ಬರದು! ನೆಲದ ಬೆಲೆ ಏರಿದೊಡನೆ ಒಡೆಯರು ಎಬ್ಬಿಸಲು ಬಂದರು. ಆಗ ಹುಟ್ಟಿದುದು 1921ರ ಮದರಾಸು ನಗರ ಒಕ್ಕಲುಗಳ ರಕ್ಷಣಾ ಕಾಯಿದೆ. ಎಬ್ಬಿಸುವುದಾದರೆ ಕಟ್ಟಡಕ್ಕೆ ಪರಿಹಾರ ಕೊಡಬೇಕು. ಇಲ್ಲವಾದರೆ ನ್ಯಾಯಾಲಯವು ಗೊತ್ತುಮಾಡಿದ ಬೆಲೆಗೆ ಆ ನೆಲವನ್ನೇ ತನಗೆ ಮಾರುವಂತೆ ಬಾಡಿಗೆದಾರನು ಕೇಳಬಹುದು. ನೂರು ವರ್ಷದ ಹಿಂದೆ ಇಂಥ ಹಕ್ಕನ್ನು ಬರೆದವರ ಧೈರ್ಯ ಸಾಮಾನ್ಯವಾದುದಲ್ಲ. 1996ರ ತಿದ್ದುಪಡಿ ದೇವಾಲಯಗಳ ಭೂಮಿಯನ್ನು ಇದರಿಂದ ಹೊರಗಿಟ್ಟಿತು. ಅದರ ಪರಿಣಾಮ ಹಳೆಯ ಬೀದಿಗಳ ಅನೇಕ ಸಂಸಾರಗಳಿಗೆ ತಟ್ಟಿತು.

ನಮ್ಮ ಜನರ ಸಂಗತಿ ಬೇರೆ. 1953ರ ತನಕ ಬಳ್ಳಾರಿಯೂ, 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸು ಆಡಳಿತಕ್ಕೇ ಸೇರಿದ್ದುವು. ಓದಿಗೂ ಕಚೇರಿ ಕೆಲಸಕ್ಕೂ ಹೈಕೋರ್ಟಿಗೂ ಇಲ್ಲಿಗೇ ಬರಬೇಕಾಗಿತ್ತು. ಕರಾವಳಿಯ ಹುಡುಗರಿಗಂತೂ ಹೋಟೆಲೇ ಮನೆ. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲದಲ್ಲಿ, ಮದರಾಸಿಗೆ ಬಂದಿಳಿದ ಮಾಣಿಯೊಬ್ಬನಿಗೆ ಸಂಬಳಕ್ಕಿಂತ ಮೊದಲು ಬೇಕಾದುದು ಊಟವೂ ಮಲಗುವ ಜಾಗವೂ. ರಾತ್ರಿ ಕಡೆಯ ಗಿರಾಕಿ ಎದ್ದ ಮೇಲೆ ಬೆಂಚುಗಳನ್ನು ಸರಿಸಿ ಚಾಪೆ ಬಿಚ್ಚಿದರೆ ಅದೇ ವಸತಿ. ಮದುವೆಯಾಗಿ ಹೆಂಡತಿಯನ್ನು ಕರೆತಂದಾಗ ಮಾತ್ರ ಪೋರ್ಷನ್ ಹುಡುಕುವ ಪಾಡು. ಒಂದು ಕೋಣೆ, ಒಂದು ಅಡುಗೆಮನೆ, ಹತ್ತು ಸಂಸಾರಕ್ಕೆ ಒಂದು ಬಾವಿ. ನಾವು ವಠಾರವೆನ್ನುವುದನ್ನೇ ಇಲ್ಲಿಯವರು ಒಂಡುಕ್ಕುಡಿತ್ತನವೆನ್ನುತ್ತಾರೆ. ಬಾಗಿಲಲ್ಲಿ ಮನೆಯೊಡೆಯರು ಕೇಳುತ್ತಿದ್ದುದು ಮೂರೇ ಮಾತು: ಯಾವ ಊರು, ಎಷ್ಟು ಜನ, ಯಾವ ಜಾತಿ. ಮೂರನೆಯದಕ್ಕೆ ಉತ್ತರ ಹೇಳಿದ ಮೇಲೆ ಎಷ್ಟೋ ಬಾಗಿಲುಗಳು ಮುಚ್ಚಿದುವು. ನಮ್ಮವರಲ್ಲೇ ಮನೆ ಕಟ್ಟಿಸಿಕೊಂಡವರು ಮುಂದೆ ಅದೇ ಪ್ರಶ್ನೆಗಳನ್ನು ಕೇಳಲಿಲ್ಲವೆಂದು ಹೇಳುವಂತಿಲ್ಲ.

ಬಾಡಿಗೆ ನಿಯಂತ್ರಣಕ್ಕೆ 1960ರ ಕಾಯಿದೆಯಿತ್ತು. ಅದರ ಬದಲಿಗೆ 2017ರ ಹೊಸ ಕಾಯಿದೆ 2019ರಿಂದ ಜಾರಿಗೆ ಬಂದು, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಮುಂಗಡವು ಮೂರು ತಿಂಗಳ ಬಾಡಿಗೆಯನ್ನು ಮೀರಕೂಡದೆಂದಿತು. ಆ 'ಬರೆಯದಿದ್ದರೆ' ಎಂಬಲ್ಲಿಯೇ ಎಲ್ಲವೂ ಅಡಗಿದೆ.

ಸರಕಾರವೇ ಮನೆ ಕಟ್ಟುವ ಕೆಲಸವು ನಗರ ಸುಧಾರಣಾ ಟ್ರಸ್ಟಿನಿಂದ 1961ರಲ್ಲಿ ಗೃಹಮಂಡಳಿಗೆ ಬಂದಿತು. 1970ರಲ್ಲಿ ಕೊಳಚೆ ಪ್ರದೇಶ ನಿರ್ಮೂಲನ ಮಂಡಳಿ ಹುಟ್ಟಿತು. ಗುಡಿಸಲಿದ್ದ ಕಡೆಯಲ್ಲೇ ಮಹಡಿಮನೆ ಕಟ್ಟಿಕೊಡುವುದು ಅದರ ಮೊದಮೊದಲ ನೀತಿ. ಮೀನುಗಾರನು ಕಡಲನ್ನೂ ಕೂಲಿಯವನು ಪೇಟೆಯನ್ನೂ ಬಿಡಬೇಕಾಗಲಿಲ್ಲ. 1977ರಿಂದ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಅರುಂಬಾಕ್ಕಂ, ವಿಲ್ಲಿವಾಕ್ಕಂ ಮೊದಲಾದ ಕಡೆ ನಿವೇಶನ, ನೀರು, ಚರಂಡಿಗಳನ್ನು ಒದಗಿಸಿ, ಮನೆಯನ್ನು ಅವರವರ ಶಕ್ತಿಯಂತೆ ಕಟ್ಟಿಕೊಳ್ಳಲು ಬಿಟ್ಟರು. ನಮ್ಮ ಎಣಿಕೆಯಲ್ಲಿ ಇವೆರಡೂ ಒಳ್ಳೆಯ ದಾರಿಗಳು. ಆದರೆ 2000ದ ಹೊತ್ತಿಗೆ ದಾರಿ ತಿರುಗಿ, ಜನರನ್ನು ದೂರದ ಕಣ್ಣಗಿ ನಗರಕ್ಕೂ ಆಮೇಲೆ ಪೆರುಂಬಾಕ್ಕಕ್ಕೂ ಸಾಗಿಸತೊಡಗಿದರು. 2015ರ ಪ್ರವಾಹದ ಬಳಿಕ ಕೂವಂ ದಂಡೆಯ ಸಂಸಾರಗಳೂ ಹೋದುವು. ನುಂಗಂಬಾಕ್ಕದ ಉತ್ತರದ ಎಲ್ಲೆಯೇ ಕೂವಂ ನದಿ. ಹಾಗೆ ಹೋದವರಿಗೆ ಗೋಡೆ ಗಟ್ಟಿಯಾಯಿತು, ಕೆಲಸ ದೂರವಾಯಿತು. ಅಷ್ಟು ದೂರದಿಂದ ಮನೆಗೆಲಸಕ್ಕೆ ಬರುವ ಹೆಂಗಸಿನ ಕೂಲಿಯಲ್ಲಿ ಒಂದು ಪಾಲು ಷೇರ್ ಆಟೋವಿಗೆ ಹೋಗುತ್ತದೆ. ಮಂಡಳಿಯ ಹೆಸರು 2021ರಲ್ಲಿ ನಗರ ವಾಸಸ್ಥಳ ಅಭಿವೃದ್ಧಿ ಮಂಡಳಿ ಎಂದಾಯಿತು.

ಗೋಡೆಯಷ್ಟೇ ಸಾಲದವರೂ ಇದ್ದಾರೆ. ಮಂಗಳೂರಿನಲ್ಲಿ 1923ರಲ್ಲಿ ಜನಿಸಿದ ಡಾಕ್ಟರ್ ಶಾರದಾ ಮೆನನ್ ಅವರು 1961ರಿಂದ 1978ರ ತನಕ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದು, 1984ರಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಸ್ಥಾಪಿಸಿದರು. ರೋಗ ಇಳಿದರೂ ಕರೆದೊಯ್ಯುವ ಮನೆಯಿಲ್ಲದವರ ಗತಿಯೇನೆಂಬುದು ಅಂಥ ಆಸ್ಪತ್ರೆಗಳ ಹಳೆಯ ಸಂಕಟ. 1993ರಲ್ಲಿ ಇಬ್ಬರು ಯುವತಿಯರು, ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್, ಬೀದಿಪಾಲಾದ ಮಾನಸಿಕ ರೋಗದ ಹೆಂಗಸರಿಗಾಗಿ 'ದಿ ಬನಿಯನ್' ಆರಂಭಿಸಿದರು. ಅವರಲ್ಲಿ ಅನೇಕರು ಬೇರೆ ರಾಜ್ಯಗಳವರು, ತಮಿಳು ಬಾರದವರು. ಆಡುವ ಮಾತಿನಿಂದ ಊರನ್ನು ಊಹಿಸಿ ಮನೆಯವರನ್ನು ಹುಡುಕಬೇಕಾಗಿತ್ತು. ಮನೆಯವರು ಸಿಗದವರಿಗಾಗಿ 2015ರಲ್ಲಿ 'ಹೋಮ್ ಅಗೇನ್' ಎಂಬ ಏರ್ಪಾಡು ಬಂದಿತು. ಸಾಧಾರಣ ಬೀದಿಯಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ನಾಲ್ಕೈದು ಹೆಂಗಸರು ಒಟ್ಟಿಗೆ ಸಂಸಾರ ಹೂಡುತ್ತಾರೆ. ಬೇಕಾದಷ್ಟೇ ಸಹಾಯಕ್ಕೆ ಒಬ್ಬ ಕಾರ್ಯಕರ್ತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಇದನ್ನು ಮಾದರಿಯಾಗಿ ಎತ್ತಿ ತೋರಿಸಿತು. ಆದರೆ ಮನೆ ಸಿಗಬೇಕಾದರೆ ಮೊದಲು ಮನೆಯೊಡೆಯರು ಒಪ್ಪಬೇಕು. ಅವರ ಬಾಗಿಲಲ್ಲಿಯೂ ಪ್ರಶ್ನೆ ಹಳೆಯದೇ: ಯಾವ ಊರು, ಎಷ್ಟು ಜನ?