ಸರ್ವರ್‌ನೊಳಗಿನ ದಾಳ

ಆನ್‌ಲೈನ್ ಫ್ಯಾಂಟಸಿ ಆಟಗಳಲ್ಲಿ ಒಳ್ಳೆ ಕತ್ತಿ ಸಿಕ್ಕಿತು ಅಂದ್ರೆ ಅರ್ಧ ಕೆಲಸ ಮಾತ್ರ ಆಯ್ತು. ಉಳಿದರ್ಧ ಆ ಕತ್ತಿಯ ಗುಣದ್ದು. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಹೆಸರಿನ ಎರಡು ಕತ್ತಿ ಇರ್ತವೆ. ಒಂದಕ್ಕೆ ಶಾರ್ಪನ್ಡ್ ಅನ್ನೋ ಟ್ರೇಟ್, ಅದು ಶತ್ರುವಿನ ಕವಚ ಸೀಳುತ್ತೆ. ಇನ್ನೊಂದಕ್ಕೆ ಟ್ರೈನಿಂಗ್ ಅನ್ನೋ ಟ್ರೇಟ್, ಅದರಿಂದ ಅನುಭವದ ಅಂಕ ಸ್ವಲ್ಪ ಜಾಸ್ತಿ ಬರುತ್ತೆ, ಅಷ್ಟೇ. ಮೊದಲನೆಯದಕ್ಕೆ ಜನ ತಿಂಗಳುಗಟ್ಟಲೆ ಕಾಯ್ತಾರೆ. ಎರಡನೆಯದನ್ನ ಸಿಕ್ಕ ಗಳಿಗೆಯಲ್ಲೇ ಒಡೆದು ಕಚ್ಚಾ ಮಾಲು ಮಾಡ್ಕೊಳ್ತಾರೆ. ಇದರ ಮೇಲೆ ಬೆಂಕಿಯದ್ದೋ ವಿಷದ್ದೋ ಎನ್‌ಚಾಂಟ್‌ಮೆಂಟ್ ಬೇರೆ, ಅಂದ್ರೆ ಆಯುಧಕ್ಕೆ ಮಂತ್ರ ಹಾಕಿಸೋದು.

ಯಾವ ಗುಣ ಯಾರಿಗೆ ಸಿಗುತ್ತೆ ಅಂತ ತೀರ್ಮಾನ ಮಾಡೋದು ದಾಳ. ಆ ದಾಳ ಯಾರ ಕೈಲಿತ್ತು, ಯಾರ ಕಣ್ಣಿಗೆ ಬೀಳ್ತಿತ್ತು ಅನ್ನೋದರ ಇತಿಹಾಸ ನನಗೆ ಆಟಗಳಿಗಿಂತ ರೋಚಕ ಅನ್ಸುತ್ತೆ. ಯಾಕಂದ್ರೆ ಅದು ಕೊನೆಗೆ ಕೋರ್ಟ್ ಮೆಟ್ಟಿಲು ಹತ್ತಿತು.

ಶುರುವಾಗಿದ್ದು ಅಮೆರಿಕದಲ್ಲಿ, 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪುಟ್ಟ ಪುಸ್ತಕಗಳಲ್ಲಿ ಮಾಯಾ ಕತ್ತಿಗಳಿಗಂತಲೇ ಕೋಷ್ಟಕಗಳಿದ್ವು. ದಾಳ ಉರುಳಿಸಿ, ಬಂದ ಸಂಖ್ಯೆಯನ್ನ ಕೋಷ್ಟಕದಲ್ಲಿ ನೋಡಿ ಕತ್ತಿಯ ಶಕ್ತಿ ಏನು ಅಂತ ಬರೆದುಕೊಳ್ಳಬೇಕು. ಕೆಲವು ಕತ್ತಿಗಳಿಗೆ ಬುದ್ಧಿ ಇರ್ತಿತ್ತು, ಅಹಂಕಾರವೂ ಇರ್ತಿತ್ತು. ಹಿಡಿದವನ ಸ್ವಭಾವ ತನಗೆ ಹೊಂದದಿದ್ರೆ ಅವನಿಗೇ ಗಾಯ ಮಾಡೋ ಕತ್ತಿಗಳು! ಆದ್ರೆ ದಾಳ ಮಾತ್ರ ಮೇಜಿನ ಮೇಲೆ ಬೀಳುವಂಥದ್ದು, ಕೋಷ್ಟಕ ಅಚ್ಚಾದ ಪುಸ್ತಕದಲ್ಲಿರುವಂಥದ್ದು. ನಮ್ಮ ಕಡೆ ಜಗಲಿ ಮೇಲೆ ಚೌಕಾಬಾರ ಆಡೋವಾಗ ಕವಡೆ ಎಲ್ಲರ ಎದುರಿಗೇ ಬೀಳುತ್ತಲ್ಲ, ಹಾಗೆ. ನಾಲ್ಕು ಬಿತ್ತೋ ಎಂಟು ಬಿತ್ತೋ ಅಂತ ಜಗಳ ಆದ್ರೂ ಕವಡೆ ಅಲ್ಲೇ ಇರುತ್ತೆ.

1980ರ ರೋಗ್ ಆಟದಲ್ಲಿ ದಾಳ ಕಂಪ್ಯೂಟರ್ ಒಳಗೆ ಹೋಯ್ತು. ನೆಲಮಾಳಿಗೆಯಲ್ಲಿ ಸಿಕ್ಕ ಓಲೆಯನ್ನ ಓದಿದ್ರೆ ಕೈಯಲ್ಲಿದ್ದ ಆಯುಧಕ್ಕೆ ಮಂತ್ರಬಲ ಬರ್ತಿತ್ತು. ಅದೇ ವಂಶದ ನೆಟ್‌ಹ್ಯಾಕ್ 1987ರಲ್ಲಿ ಬಂತು. ಅದರಲ್ಲಿ ಆಯುಧದ ಬಲ +5 ದಾಟಿದ ಮೇಲೂ ಆಸೆಪಟ್ಟು ಇನ್ನೊಂದು ಓಲೆ ಓದಿದ್ರೆ ಮೂರರಲ್ಲಿ ಎರಡು ಪಾಲು ಆಯುಧವೇ ಆವಿಯಾಗಿಬಿಡುತ್ತೆ. ಈ 'ಮೂರರಲ್ಲಿ ಎರಡು' ನನಗೆ ಹೇಗೆ ಗೊತ್ತು? ಆಟದ ಸೋರ್ಸ್ ಕೋಡ್ ಯಾರು ಬೇಕಾದ್ರೂ ಓದಬಹುದು. ಅದರಲ್ಲಿ ಒಂದು ಸಾಲು ಹಾಗಂತ ಹೇಳುತ್ತೆ. ದಾಳ ಕಾಣದಿದ್ರೂ ಅದಕ್ಕೆ ಎಷ್ಟು ಮುಖ ಅಂತ ನೋಡಬಹುದಿತ್ತು.

ಆಮೇಲೆ 1996ರ ಕೊನೆಗೆ, ಹೊಸ ವರ್ಷದ ಹೊಸ್ತಿಲಲ್ಲಿ ಬಂದ ಡಯಾಬ್ಲೊ. ಅದು ಆಯುಧದ ಹೆಸರನ್ನೇ ವ್ಯಾಕರಣ ಮಾಡಿತು. ಒಂದು ಪೂರ್ವಪದ, ಒಂದು ಉತ್ತರಪದ, ನಡುವೆ ಕತ್ತಿ. 'ಕಿಂಗ್ಸ್ ಸೋರ್ಡ್ ಆಫ್ ಹೇಸ್ಟ್' ಅಂದ್ರೆ ಹೊಡೆತಕ್ಕೆ ರಾಜಬಲ, ಬೀಸಿಗೆ ವೇಗ. ಹೆಸರು ಓದಿದ್ರೆ ಸಾಕು, ಗುಣ ಗೊತ್ತಾಗ್ತಿತ್ತು. ಇವತ್ತಿನ ಎಷ್ಟೋ ಆಟಗಳ ಟ್ರೇಟ್‌ಗಳ ಬೇರು ಇಲ್ಲಿದೆ. ಆಟ ನಮ್ಮ ಮನೆಯ ಕಂಪ್ಯೂಟರ್‌ನಲ್ಲೇ ಇದ್ದಿದ್ದರಿಂದ ಕುತೂಹಲದ ಜನ ಅದನ್ನ ಬಿಚ್ಚಿ, ಯಾವ ಗುಣ ಎಷ್ಟು ಅಪರೂಪ ಅಂತ ಪಟ್ಟಿನೂ ಮಾಡಿದ್ರು.

ಆನ್‌ಲೈನ್ ಆಟಗಳು ಬಂದಾಗ ದಾಳ ಕಂಪನಿಯ ಸರ್ವರ್‌ಗೆ ಹೋಯ್ತು. ಬಿಚ್ಚಿ ನೋಡೋಕೆ ಏನೂ ಉಳೀಲಿಲ್ಲ. ದಕ್ಷಿಣ ಕೊರಿಯಾದ ಲಿನಿಯೇಜ್, 1998ರದ್ದು, ಇದರ ದೊಡ್ಡ ಮಾದರಿ. ಆಯುಧಕ್ಕೆ ಮಂತ್ರದ ಓಲೆ ಹಾಕ್ತಾ ಹೋದ್ರೆ +6ರವರೆಗೆ ಭಯವಿಲ್ಲ. ಅಲ್ಲಿಂದಾಚೆ ಒಂದೊಂದು ಓಲೆಯೂ ಜೂಜು, ಸೋತ್ರೆ ಕತ್ತಿಯೇ ಮಾಯ. ಇಂಥ ಆಯುಧಗಳನ್ನ ನಿಜವಾದ ದುಡ್ಡಿಗೆ ಮಾರೋ ಕೊಳ್ಳೋ ಸಂತೆ ಆಗಲೇ ಶುರುವಾಗಿದ್ದರಿಂದ, ಇಂಟರ್ನೆಟ್ ಕೆಫೆಯಲ್ಲಿ ಕೂತು ಕತ್ತಿ ಕಳಕೊಂಡವನು ಜೇಬನ್ನೂ ಕಳಕೊಳ್ತಿದ್ದ.

ಹೀಗೇ ಇರಬೇಕು ಅಂತೇನೂ ಇರಲಿಲ್ಲ. 2014ರಲ್ಲಿ ಬಂದ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಕಮ್ಮಾರಿಕೆ ಕಲಿತವನು ಟ್ರೇಟ್ ಆರಿಸಿಕೊಂಡೇ ಕತ್ತಿ ಮಾಡಬಹುದು. ಅದಕ್ಕೆ ಮೊದಲು ಆ ಟ್ರೇಟ್ ಅನ್ನು ಸಂಶೋಧನೆ ಮಾಡಿರಬೇಕು. ಮೊದಲನೆಯದಕ್ಕೆ 6 ಗಂಟೆ, ಎರಡನೆಯದಕ್ಕೆ 12, ಹೀಗೆ ದುಪ್ಪಟ್ಟಾಗ್ತಾ ಒಂಬತ್ತನೆಯದಕ್ಕೆ 64 ದಿನ. ಕೌಶಲ ಸೇರಿಸಿಕೊಂಡ್ರೆ ಸ್ವಲ್ಪ ಕಡಿಮೆಯಾಗುತ್ತೆ. ನಿಜ ಜೀವನದ 64 ದಿನ ಅಂತ ಬಿಡಿಸಿ ಹೇಳಬೇಕಿಲ್ಲ ತಾನೆ? ಮಂತ್ರ ಹಾಕೋಕೂ ಮೂರು ರೂನ್ ಕಲ್ಲುಗಳನ್ನ ನಾವೇ ಆರಿಸಿ ಜೋಡಿಸಬೇಕು. ಒಂದು ಬಲಕ್ಕೆ, ಒಂದು ಫಲಕ್ಕೆ, ಒಂದು ದರ್ಜೆಗೆ.

ಆದ್ರೂ ಒಳ್ಳೊಳ್ಳೆ ಆಯುಧಗಳನ್ನ ಮಾಡೋಕಾಗಲ್ಲ, ಗೆದ್ದೇ ತರಬೇಕು. 2015ರಲ್ಲಿ ಬಂದ ಮೇಲ್‌ಸ್ಟ್ರಾಮ್ ಅರೀನಾದಲ್ಲಿ ಒಬ್ಬರೇ ಒಂಬತ್ತು ಹಂತ ದಾಟಿದ ಮೇಲೆ ಕೊನೆಯ ಪೆಟ್ಟಿಗೆಯಲ್ಲಿ ಯಾವುದೋ ಒಂದು ಆಯುಧ, ಅದಕ್ಕೆ ಯಾವುದೋ ಒಂದು ಟ್ರೇಟ್. ಶಾರ್ಪನ್ಡ್ ಬರಲಿ ಅಂತ ನೂರಾರು ಸಲ ಆಡಿದವರಿದ್ದಾರೆ. ಕೊನೆಗೆ 2017ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಮ್ಯುಟೇಶನ್ ಅಂತ ತಂದ್ರು. 50 ಹರಳು ಕೊಟ್ಟು ಬೇಡದ ಟ್ರೇಟನ್ನ ಬೇಕಾದ ಟ್ರೇಟ್‌ಗೆ ಬದಲಾಯಿಸಬಹುದು, ನೀವು ಅದನ್ನ ಮೊದಲೇ ಸಂಶೋಧನೆ ಮಾಡಿದ್ರೆ. ಅದೇ ವರ್ಷ ಶಾರ್ಪನ್ಡ್‌ನ ಬಲವನ್ನೂ ಇಳಿಸಿದ್ರು. ಜನ ಬೈಕೊಂಡ್ರು, ಆದ್ರೆ ಬೈಯೋಕೆ ಕಾರಣ ಸಿಕ್ಕಿದ್ದೇ ಪ್ಯಾಚ್ ನೋಟ್‌ನಲ್ಲಿ ಬರೆದಿದ್ದಕ್ಕೆ. ಬರೆಯದೇ ಇಳಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಮತ್ತೆ ಕೊರಿಯಾಕ್ಕೆ ಹೋಗಬೇಕು.

ಮೇಪಲ್‌ಸ್ಟೋರಿ ಅಲ್ಲಿ 2003ರಿಂದ ನಡೀತಿರೋ ಆಟ. ಮುದ್ದು ಮುದ್ದು ಗೊಂಬೆಗಳು, ಅಣಬೆ ರಾಕ್ಷಸರು. ನಡೆಸೋದು ನೆಕ್ಸಾನ್ ಕಂಪನಿ. 2010ರಲ್ಲಿ ಅದರಲ್ಲಿ ಕ್ಯೂಬ್ ಅನ್ನೋ ವಸ್ತು ಬಂತು. ಆಯುಧಕ್ಕೆ ಮೂರು ಸಾಲಿನ ಸುಪ್ತ ಗುಣ ಇರುತ್ತೆ, ದುಡ್ಡು ಕೊಟ್ಟು ಕೊಂಡ ಒಂದು ಕ್ಯೂಬ್ ಬಳಸಿದ್ರೆ ಆ ಮೂರೂ ಸಾಲು ಹೊಸದಾಗಿ ಉರುಳುತ್ತೆ. ಬೇಡದ್ದು ಬಂತಾ? ಇನ್ನೊಂದು ಕ್ಯೂಬ್. ಎಲ್ಲರ ಕನಸು ಮೂರೂ ಸಾಲಿನಲ್ಲಿ ಬಾಸ್ ಡ್ಯಾಮೇಜ್, ಅಂದ್ರೆ ದೊಡ್ಡ ರಾಕ್ಷಸನ ಮೇಲೆ ಹೆಚ್ಚಿನ ಏಟು. ಆಟಗಾರರ ಬಾಯಲ್ಲಿ ಅದರ ಅಡ್ಡಹೆಸರು 'ಬೊಬೊಬೊ'.

2021ರ ಫೆಬ್ರವರಿಯಲ್ಲಿ ಇದೇ ಆಟದ ಇನ್ನೊಂದು ವಸ್ತುವಿನ ಬಗ್ಗೆ ಪ್ಯಾಚ್ ನೋಟ್ ಬಂತು. ಇನ್ನುಮೇಲೆ ಎಲ್ಲ ಹೆಚ್ಚುವರಿ ಗುಣಗಳೂ ಸಮಾನ ಸಾಧ್ಯತೆಯಲ್ಲಿ ಬರುವಂತೆ ತಿದ್ದಿದ್ದೇವೆ ಅನ್ನೋದು ಅದರ ಸಾರ. ಒಳ್ಳೆ ಸುದ್ದಿ ತಾನೆ? ಆದ್ರೆ ಓದಿದವರು ಒಂದು ಕ್ಷಣ ನಿಂತು ಯೋಚಿಸಿದ್ರು: ಇನ್ನುಮೇಲೆ ಸಮಾನ ಅಂದ್ರೆ, ಇಲ್ಲಿತನಕ? ರಿಲೀಸ್ ನೋಟ್ಸ್ ಯಾರೂ ಓದಲ್ಲ ಅಂತ ಗೊಣಗೋ ನಮ್ಮಂಥವರು ಇದನ್ನ ನೆನಪಿಡಬೇಕು. ಎಲ್‌ಇಡಿ ಪರದೆ ಕಟ್ಟಿದ ಟ್ರಕ್‌ಗಳನ್ನ ಬಾಡಿಗೆಗೆ ಹಿಡಿದು ಪ್ರತಿಭಟನೆ ಮಾಡಿದ್ರು. ಮಾರ್ಚ್‌ನಲ್ಲಿ ಕಂಪನಿ ಕ್ಯೂಬ್‌ನ ಸಾಧ್ಯತೆಗಳನ್ನ ಪ್ರಕಟಿಸಿತು. ಆಗ ಗೊತ್ತಾಯ್ತು, ಬಾಸ್ ಡ್ಯಾಮೇಜ್ ಹೆಚ್ಚೆಂದ್ರೆ ಎರಡು ಸಾಲಿಗೆ ಬರುತ್ತೆ. ಮೂರನೆಯದು ಬರೋದೇ ಇಲ್ಲ. ಬೊಬೊಬೊ ಬರಲಿ ಅಂತ ವರ್ಷಗಟ್ಟಲೆ ಕ್ಯೂಬ್ ಉರುಳಿಸಿದವರು ಸೊನ್ನೆಯನ್ನ ಉರುಳಿಸ್ತಿದ್ರು.

ಇದನ್ನ ಕೋಡ್‌ನಲ್ಲಿ ಬರೆಯೋದು ಎಷ್ಟು ಸುಲಭ ಅಂತ ಈ ಕಸುಬಿನವರಿಗೆ ಗೊತ್ತು. ಎರಡು ಕಾಲಂನ ಒಂದು ಟೇಬಲ್: ಒಂದರಲ್ಲಿ ಗುಣ, ಇನ್ನೊಂದರಲ್ಲಿ ಅದರ ತೂಕ. ತೂಕ ಹೆಚ್ಚಿದ್ದಷ್ಟೂ ಅದು ಜಾಸ್ತಿ ಸಲ ಬರುತ್ತೆ. 10 ಇದ್ದದ್ದನ್ನ 4 ಮಾಡಿದ್ರೆ ಪರದೆ ಮೇಲೆ ಏನೂ ಬದಲಾಗಲ್ಲ. ಅದೇ ಮಿಂಚು, ಅದೇ ಟಿಂಗ್ ಅನ್ನೋ ಸದ್ದು. ಆಟಗಾರ 'ನನ್ನ ನಸೀಬೇ ಸರಿ ಇಲ್ಲ' ಅಂದ್ಕೊಂಡು ಇನ್ನೊಂದು ಕ್ಯೂಬ್ ಕೊಳ್ತಾನೆ. ಶಕುನಿಯ ದಾಳದ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದ್ರೆ ಧರ್ಮರಾಯನಿಗೆ ಎದುರಿಗೆ ಕೂತವನು ಯಾರು ಅನ್ನೋದಾದ್ರೂ ಗೊತ್ತಿತ್ತು.

ಕೊರಿಯಾದ ಫೇರ್ ಟ್ರೇಡ್ ಕಮಿಷನ್ ತನಿಖೆ ಮಾಡಿ 2024ರ ಜನವರಿಯಲ್ಲಿ ವರದಿ ಕೊಟ್ಟಿತು. ಕ್ಯೂಬ್ ಬಂದ ಕೆಲವೇ ತಿಂಗಳಲ್ಲಿ, 2010ರ ಸೆಪ್ಟೆಂಬರ್‌ನಿಂದಲೇ, ಜನ ಇಷ್ಟಪಡೋ ಗುಣಗಳ ಸಾಧ್ಯತೆ ಇಳಿಸಲಾಗಿತ್ತು. 2011ರ ಆಗಸ್ಟ್‌ನಿಂದ ಕೆಲವು ಜೋಡಣೆಗಳು ಬರಲೇಬಾರದು ಅಂತ ಮಾಡಲಾಗಿತ್ತು. ಆಟಗಾರರಿಗೆ ಮಾತ್ರ ಏನೂ ಬದಲಾಗಿಲ್ಲ ಅನ್ನೋ ಸೂಚನೆ ಹೋಗಿತ್ತು. ದಂಡ ಸುಮಾರು 1,160 ಕೋಟಿ ವಾನ್, ನಮ್ಮ ಲೆಕ್ಕದಲ್ಲಿ 70 ಕೋಟಿ ರೂಪಾಯಿ ದಾಟುತ್ತೆ. ಅದೇ ತಿಂಗಳು ಕಂಪನಿ ಆ ದೇಶದಲ್ಲಿ ಕ್ಯೂಬ್‌ಗಳನ್ನ ನಗದಿಗೆ ಮಾರೋದನ್ನೇ ಬಿಟ್ಟು, ಆಟದೊಳಗಿನ ನಾಣ್ಯಕ್ಕೆ ಕೊಡ್ತೀವಿ ಅಂತು. ಮಾರ್ಚ್ 22ರಿಂದ ಹೊಸ ಕಾನೂನು ಜಾರಿಗೆ ಬಂತು: ದುಡ್ಡಿಗೆ ಮಾರೋ ಅದೃಷ್ಟದ ವಸ್ತು ಯಾವುದೇ ಇರಲಿ, ಅದರ ಸಾಧ್ಯತೆ ಎಷ್ಟು ಅಂತ ಬಹಿರಂಗವಾಗಿ ಹಾಕಲೇಬೇಕು. ಗೈಗ್ಯಾಕ್ಸ್‌ನ ಪುಸ್ತಕದಲ್ಲಿದ್ದ ಕೋಷ್ಟಕ ಐವತ್ತು ವರ್ಷ ಸುತ್ತಾಡಿ ಮತ್ತೆ ಕಣ್ಣೆದುರಿಗೆ ಬಂದಂತಾಯ್ತು, ಈ ಸಲ ಸರ್ಕಾರದ ಆದೇಶದ ಮೇಲೆ.

ಇದರ ನಡುವೆ ಒಬ್ಬ ಆಟಗಾರ ದುಡ್ಡು ವಾಪಸ್ ಕೊಡಿ ಅಂತ ಕೋರ್ಟಿಗೆ ಹೋಗಿದ್ದರು. ಕ್ಯೂಬ್‌ಗೆ ಅವರು ಸುರಿದಿದ್ದು ಸುಮಾರು 1 ಕೋಟಿ 10 ಲಕ್ಷ ವಾನ್. ಕೆಳಗಿನ ಕೋರ್ಟ್ ಅದರಲ್ಲಿ ಶೇ. 5ರಷ್ಟು ಹಿಂದಿರುಗಿಸಿ ಅಂತು. 2024ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಅವರ ಕೈಗೆ ಬಂದದ್ದು ಸುಮಾರು 5 ಲಕ್ಷ 70 ಸಾವಿರ ವಾನ್. ಕ್ಯೂಬ್ ನಗದಿಗೆ ಮಾರ್ತಿದ್ದಾಗಿನ ದರದಲ್ಲಿ ಅದು ಕೆಲವು ನೂರು ಸಲ ಉರುಳಿಸೋಕೆ ಆಗ್ತಿದ್ದಷ್ಟು.