ಡೆಲಿವರಿ ಹುಡುಗರ ತೆರಿಗೆ ಲೆಕ್ಕ: ತೆರಿಗೆ ಕಟ್ಟೋದು ಬೇರೆ, ರಿಟರ್ನ್ ಹಾಕೋದು ಬೇರೆ

ತುಮಕೂರು: ತಿಪಟೂರು, ಶಿರಾ, ಕುಣಿಗಲ್, ಮಧುಗಿರಿ ಯಾವ ಪೇಟೆಗೆ ಹೋದರೂ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡು ಬೈಕ್‌ನಲ್ಲಿ ಓಡಾಡೋ ಡೆಲಿವರಿ ಹುಡುಗರು ಕಾಣುತ್ತಾರೆ. ಕೆಲವರು ಊಟ ತಲುಪಿಸುತ್ತಾರೆ, ಕೆಲವರು ಆನ್‌ಲೈನ್ ಪಾರ್ಸೆಲ್. ಇನ್ನು ಕೆಲವರು ಟಾಟಾ ಏಸ್ ಇಟ್ಟುಕೊಂಡು ಅಂಗಡಿಗಳಿಗೆ ಮಾಲು ಹಾಕುತ್ತಾರೆ. ಇವರಲ್ಲಿ ಬಹುಪಾಲು ಜನ ಕಂಪನಿಯ ನೌಕರರಲ್ಲ. ಕಾಗದದ ಪ್ರಕಾರ ಅವರು ‘ಪಾರ್ಟ್ನರ್’, ಅಂದರೆ ಸ್ವಂತ ಉದ್ಯೋಗಿ. ಹಾಗಾಗಿ ತೆರಿಗೆ ಲೆಕ್ಕವೂ ಅವರದ್ದೇ ತಲೆಮೇಲೆ.

“ನಮ್ಗೆಲ್ಲಿ ಸಾರ್ ಟ್ಯಾಕ್ಸು, ಬರೋದೇ ಇಷ್ಟು” ಅನ್ನೋ ಮಾತು ಎಲ್ಲ ಕಡೆ ಕೇಳಿಸುತ್ತೆ. ಮಾತು ಅರ್ಧ ಸರಿ. ಇವರಲ್ಲಿ ಹೆಚ್ಚಿನವರು ಒಂದು ರೂಪಾಯಿ ಆದಾಯ ತೆರಿಗೆಯನ್ನೂ ಕಟ್ಟಬೇಕಾಗಿಲ್ಲ. ಆದರೆ ಅವರ ದುಡ್ಡಲ್ಲಿ ಒಂದು ಪಾಲು ಈಗಾಗಲೇ ಕಟ್ ಆಗಿ ಸರ್ಕಾರದ ಹತ್ತಿರ ಕೂತಿರುತ್ತೆ. ಅದನ್ನು ವಾಪಸ್ ಪಡೆಯಲು ಇರುವ ದಾರಿ ಒಂದೇ, ರಿಟರ್ನ್ ಹಾಕೋದು. ಕೆಳಗಿನ ಮಾಹಿತಿ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಹಣಕಾಸು ವರ್ಷಕ್ಕೆ ಸಂಬಂಧಿಸಿದ್ದು.

ಕಟ್ ಆಗೋ ಆ 1 ಪರ್ಸೆಂಟ್ ಏನು?

ಕಂಪನಿ ನಿಮಗೆ ಕೊಡುವ ಹಣ ವರ್ಷಕ್ಕೆ 1 ಲಕ್ಷ ದಾಟಿದರೆ ಅಥವಾ ಒಂದೇ ಬಾರಿಗೆ 30 ಸಾವಿರ ದಾಟಿದರೆ, ಗುತ್ತಿಗೆ ಕೆಲಸದ ಲೆಕ್ಕದಲ್ಲಿ (ಸೆಕ್ಷನ್ 194ಸಿ) ಶೇ 1ರಷ್ಟು ಟಿಡಿಎಸ್ ಹಿಡಿಯಬೇಕು. ಈ ದುಡ್ಡು ನಿಮ್ಮ ಪ್ಯಾನ್ ನಂಬರಿನ ಮೇಲೆ ಇಲಾಖೆಗೆ ಜಮೆ ಆಗುತ್ತೆ.

ಪ್ಯಾನ್ ಕೊಡದೇ ಇದ್ದರೆ ಅಥವಾ ಆಧಾರ್ ಲಿಂಕ್ ಆಗದೆ ಪ್ಯಾನ್ ನಿಷ್ಕ್ರಿಯ ಆಗಿದ್ದರೆ ಹಿಡಿಯೋದು ಶೇ 1 ಅಲ್ಲ, ಶೇ 20. ಪ್ಯಾನ್ ನಿಷ್ಕ್ರಿಯ ಇರುವಷ್ಟು ದಿನ ರೀಫಂಡ್ ಕೂಡ ಬರೋದಿಲ್ಲ. ತಡವಾಗಿ ಲಿಂಕ್ ಮಾಡಿಸಲು 1,000 ರೂಪಾಯಿ ಶುಲ್ಕ ಇದೆ. ದುಬಾರಿ ಅನ್ನಿಸಬಹುದು, ಆದರೆ ತಿಂಗಳಿಗೆ 20 ಸಾವಿರ ಬರೋನಿಗೆ ಶೇ 20 ಅಂದರೆ ತಿಂಗಳಿಗೆ 4 ಸಾವಿರ.

ಎಷ್ಟು ಕಟ್ ಆಗಿದೆ ಅಂತ ನೋಡೋಕೆ ಯಾರನ್ನೂ ಕೇಳಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ‘ಫಾರಂ 26ಎಎಸ್’ ಮತ್ತು ‘ಎಐಎಸ್’ ತೆಗೆದು ನೋಡಿ. ಯಾವ ಕಂಪನಿ, ಯಾವ ತಿಂಗಳು, ಎಷ್ಟು ಹಿಡಿದಿದೆ ಅನ್ನೋದೆಲ್ಲ ಅಲ್ಲಿರುತ್ತೆ. ಜೊತೆಗೆ ಯಾವ ಸೆಕ್ಷನ್ ಅಂತಲೂ ನೋಡಿಕೊಳ್ಳಿ. 194ಸಿ ಇದ್ದರೆ ಗುತ್ತಿಗೆ ಕೆಲಸ. 194ಎಚ್ ಇದ್ದರೆ ಕಮಿಷನ್, ಅದಕ್ಕೆ ಟಿಡಿಎಸ್ ಶೇ 2. 192 ಇದ್ದರೆ ಕಂಪನಿ ನಿಮ್ಮನ್ನು ಸಂಬಳದ ನೌಕರ ಅಂತ ತೋರಿಸಿದೆ ಎಂದರ್ಥ. ಯಾವ ಫಾರಂ ತುಂಬಬೇಕು ಅನ್ನೋದು ಇದರ ಮೇಲೆ ನಿಂತಿದೆ.

ಖಾತೆಗೆ ಬರೋದೆಲ್ಲ ಆದಾಯ ಅಲ್ಲ

ತೆರಿಗೆ ಲೆಕ್ಕ ಹಾಕೋದು ಕೈಗೆ ಬಂದ ಹಣದ ಮೇಲಲ್ಲ, ಖರ್ಚು ಕಳೆದು ಉಳಿದ ಹಣದ ಮೇಲೆ. ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕ ತೋರಿಸೋಕೆ ಹಾಕಿದ್ದು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ತಿಂಗಳಿಗೆ 24,000 ರೂಪಾಯಿ ಸಂಪಾದನೆ ಅಂದುಕೊಳ್ಳಿ. ವರ್ಷಕ್ಕೆ 2,88,000. ದಿನಕ್ಕೆ 80 ಕಿ.ಮೀ., ತಿಂಗಳಿಗೆ 26 ದಿನ ಓಡಿದರೆ 2,080 ಕಿ.ಮೀ. ಗಾಡಿ ಲೀಟರಿಗೆ 45 ಕೊಟ್ಟರೆ ಸುಮಾರು 46 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿಯಂತೆ ತಿಂಗಳಿಗೆ 4,760.

ವರ್ಷದ ಖರ್ಚು:

- ಪೆಟ್ರೋಲ್: 57,120
- ಆಯಿಲ್, ಸರ್ವಿಸ್: 9,600
- ಟೈರ್, ಬ್ರೇಕ್, ಚೈನ್: 5,000
- ಇನ್ಶೂರೆನ್ಸ್, ಹೊಗೆ ತಪಾಸಣೆ: 1,800
- ಮೊಬೈಲ್ ರೀಚಾರ್ಜ್: 4,200
- ಬೈಕ್ ಸಾಲದ ಬಡ್ಡಿ: 8,000
- ಬೈಕ್ ಸವಕಳಿ (1 ಲಕ್ಷದ ಗಾಡಿಗೆ ಶೇ 15): 15,000

ಒಟ್ಟು 1,00,720. ಉಳಿಯೋದು 1,87,280, ಅಂದರೆ ತಿಂಗಳಿಗೆ ಸುಮಾರು 15,600. ಖಾತೆಗೆ 24 ಸಾವಿರ ಬರುತ್ತೆ ಅಂತ ಮನೆಯಲ್ಲಿ ಲೆಕ್ಕ ಹಾಕಿ ಕೈಸಾಲ ಮಾಡಿಕೊಳ್ಳೋರು ಈ 15,600ನ್ನು ಒಂದ್ಸಲ ನೋಡಬೇಕು.

ಈ ಉದಾಹರಣೆಯಲ್ಲಿ ಕಟ್ ಆದ ಟಿಡಿಎಸ್ 2,880 ರೂಪಾಯಿ. ಕಟ್ಟಬೇಕಾದ ತೆರಿಗೆ ಸೊನ್ನೆ. ರಿಟರ್ನ್ ಹಾಕಿದರೆ ಪೂರ್ತಿ 2,880 ವಾಪಸ್. ಹಾಕದಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತೆ.

ಯಾವುದು ಖರ್ಚು, ಯಾವುದು ಅಲ್ಲ

ಸಾಲದ ಕಂತಿನಲ್ಲಿ ಬಡ್ಡಿ ಭಾಗ ಮಾತ್ರ ಖರ್ಚು. ಅಸಲು ಖರ್ಚಲ್ಲ, ಅದರ ಬದಲು ಗಾಡಿಯ ಸವಕಳಿ ಸಿಗುತ್ತೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಗಾಡಿಗೆ ಸವಕಳಿ ಅರ್ಧ ಮಾತ್ರ.

ಅದೇ ಬೈಕಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡೋದು, ತೋಟಕ್ಕೆ ಹೋಗೋದು ಇದ್ದರೆ ಆ ಪಾಲು ಕಳೆಯಬೇಕು. ಮೊಬೈಲ್‌ಗೂ ಇದೇ ನಿಯಮ.

ಹೆಲ್ಮೆಟ್ ಇಲ್ಲ, ಒನ್‌ವೇ, ಸಿಗ್ನಲ್ ಜಂಪ್ ಅಂತ ಕಟ್ಟಿದ ದಂಡ ಖರ್ಚಿಗೆ ಸೇರಲ್ಲ. ಕಾನೂನು ಮುರಿದದ್ದಕ್ಕೆ ಕಟ್ಟಿದ ದುಡ್ಡನ್ನು ವ್ಯವಹಾರದ ಖರ್ಚು ಅಂತ ತೋರಿಸುವ ಹಾಗಿಲ್ಲ.

ಬಿಲ್ ಇಡೋದು ಕಷ್ಟ ಅನ್ನೋರಿಗೆ ಸುಲಭದ ದಾರಿ ಒಂದಿದೆ. ಪೆಟ್ರೋಲನ್ನು ಯುಪಿಐನಲ್ಲೇ ಹಾಕಿಸಿ, ದಾಖಲೆ ತಾನೇ ಉಳಿಯುತ್ತೆ. ಪ್ರತಿ ತಿಂಗಳ 1ನೇ ತಾರೀಖು ಓಡೋಮೀಟರ್‌ನ ಒಂದು ಫೋಟೋ ತೆಗೆದಿಡಿ. ಗ್ಯಾರೇಜ್ ಬಿಲ್ ಕೇಳಿ ಪಡೆಯಿರಿ, ಕೈಬರಹದ ಚೀಟಿ ಆದರೂ ಪರವಾಗಿಲ್ಲ, ತಾರೀಖು ಮತ್ತು ಸಹಿ ಇರಲಿ.

ತೆರಿಗೆ ಯಾವಾಗ ಬೀಳುತ್ತೆ?

ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಅದರ ಮೇಲೆ 8 ಲಕ್ಷದವರೆಗೆ ಶೇ 5, 8ರಿಂದ 12 ಲಕ್ಷಕ್ಕೆ ಶೇ 10. ಆದರೆ ಒಟ್ಟು ತೆರಿಗೆಯ ಆದಾಯ 12 ಲಕ್ಷ ದಾಟದಿದ್ದರೆ 60 ಸಾವಿರದವರೆಗಿನ ತೆರಿಗೆ ಮನ್ನಾ. ಹೀಗಾಗಿ ಕಟ್ಟೋದು ಸೊನ್ನೆ.

ಇಲ್ಲೇ ಗೊಂದಲ ಶುರುವಾಗೋದು. ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆ ಇದ್ದರೂ ರಿಟರ್ನ್ ಹಾಕೋದು ಕಡ್ಡಾಯ. 4 ಲಕ್ಷದೊಳಗೆ ಇದ್ದರೆ ಸಾಮಾನ್ಯವಾಗಿ ಕಡ್ಡಾಯ ಅಲ್ಲ, ಆದರೆ ರೀಫಂಡ್ ಬೇಕು ಅಂದರೆ ಹಾಕಲೇಬೇಕು.

ರಿಟರ್ನ್‌ಗೆ ಹಲವು ವರ್ಷಗಳಿಂದ ಜುಲೈ 31 ಕೊನೇ ದಿನ ಆಗಿತ್ತು. 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಮುಂದಕ್ಕೆ ಹೋಯ್ತು. ಈ ವರ್ಷದ ದಿನಾಂಕ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ತಪ್ಪಿದರೂ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ಆದಾಯ 5 ಲಕ್ಷದೊಳಗೆ ಇದ್ದರೆ ದಂಡ ಶುಲ್ಕ 1,000, ಮೇಲಿದ್ದರೆ 5,000. ಒಟ್ಟು ಆದಾಯ ತೆರಿಗೆ ಮಿತಿಯ ಒಳಗೇ ಇದ್ದರೆ ಈ ಶುಲ್ಕವೂ ಇಲ್ಲ.

6 ಪರ್ಸೆಂಟ್ ದಾರಿ, ಅದರ ಇನ್ನೊಂದು ಮುಖ

ಪುಸ್ತಕ ಬರೆದಿಡಲಾಗದ ಸಣ್ಣ ವ್ಯವಹಾರದವರಿಗೆ ಸೆಕ್ಷನ್ 44ಎಡಿ ಇದೆ. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣದಲ್ಲಿ ಕನಿಷ್ಠ ಶೇ 6, ನಗದಾಗಿ ಬಂದದ್ದರಲ್ಲಿ ಕನಿಷ್ಠ ಶೇ 8 ಲಾಭ ಅಂತ ತೋರಿಸಿ ಐಟಿಆರ್-4 ತುಂಬಬಹುದು. ಎಲ್ಲ ಖರ್ಚು ಅದರಲ್ಲೇ ಬಂದಂತೆ, ಮತ್ತೆ ಪೆಟ್ರೋಲ್ ಕಳೆಯೋ ಹಾಗಿಲ್ಲ. ಕಮಿಷನ್ ಆದಾಯಕ್ಕೆ ಈ ದಾರಿ ಇಲ್ಲ. 26ಎಎಸ್‌ನಲ್ಲಿ 194ಎಚ್ ಇದ್ದವರು ಐಟಿಆರ್-3ಕ್ಕೆ ಹೋಗಬೇಕು.

ಕೆಲವು ಕಡೆ ಎಲ್ಲರಿಗೂ ಕಣ್ಣುಮುಚ್ಚಿ ಶೇ 6 ಹಾಕಿ ಕಳಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ವರ್ಷಕ್ಕೆ 17,280 ರೂಪಾಯಿ. ವರ್ಷಕ್ಕೆ 17 ಸಾವಿರ ದುಡಿಯೋನಿಗೆ ಯಾವ ಬ್ಯಾಂಕು ಗಾಡಿ ಸಾಲ ಕೊಡುತ್ತೆ? ಶೇ 6 ಅನ್ನೋದು ಕನಿಷ್ಠ, ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. 1,87,280 ತೋರಿಸಿದರೂ ತೆರಿಗೆ ಸೊನ್ನೆಯೇ, ಕಳ್ಕೊಳ್ಳೋದು ಏನೂ ಇಲ್ಲ. ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಆಗ ಈ ಕಾಗದವೇ ನಿಮ್ಮ ಸಂಬಳದ ಚೀಟಿ.

ಸ್ವಂತ ಟಾಟಾ ಏಸ್‌ನಂಥ ಗೂಡ್ಸ್ ಗಾಡಿ ಇದ್ದವರಿಗೆ ಸೆಕ್ಷನ್ 44ಎಇ. ಗಾಡಿಗೆ ತಿಂಗಳಿಗೆ 7,500 ಆದಾಯ ಅಂತ ಲೆಕ್ಕ, ವರ್ಷಕ್ಕೆ 90,000. ಗಾಡಿ ಸಾಲದ ಮೇಲೆ ಇದ್ದರೂ ನೀವೇ ಮಾಲೀಕರು. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲ ಅಂತ ಪ್ಯಾನ್ ಜೊತೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯೋದೇ ಇಲ್ಲ.

ಸಿಒಡಿ ಹಣ: ಇಲ್ಲಿ ಹುಷಾರ್

ಗ್ರಾಹಕರಿಂದ ಪಡೆದ ಕ್ಯಾಶ್ ಆನ್ ಡೆಲಿವರಿ ಹಣ ನಿಮ್ಮ ಆದಾಯ ಅಲ್ಲ. ಆದರೆ ಅದನ್ನು ನಿಮ್ಮ ಉಳಿತಾಯ ಖಾತೆಗೆ ಹಾಕಿ ಆಮೇಲೆ ಕಂಪನಿಗೆ ಕಳಿಸಿದರೆ? ದಿನಕ್ಕೆ 5,000 ಅಂದರೂ ತಿಂಗಳಿಗೆ 26 ದಿನದಂತೆ ವರ್ಷಕ್ಕೆ 15.6 ಲಕ್ಷ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಹೆಚ್ಚು ನಗದು ಜಮೆ ಆದರೆ ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತೆ. “ಇದು ಯಾರ ದುಡ್ಡು” ಅಂತ ನೋಟಿಸ್ ಬಂದರೆ ಉತ್ತರಿಸಬೇಕಾದ್ದು ನೀವು.

ಸಿಒಡಿ ಹಣವನ್ನು ಹಬ್‌ನಲ್ಲೇ ಕಟ್ಟಿ, ಇಲ್ಲವೇ ಕಂಪನಿ ಹೇಳಿದ ಖಾತೆಗೇ ನೇರ ಹಾಕಿ. ಗ್ರಾಹಕರಿಗೆ ಕಂಪನಿಯ ಕ್ಯೂಆರ್ ತೋರಿಸಿ, ನಿಮ್ಮ ಸ್ವಂತದ್ದಲ್ಲ. ರಸೀದಿಯ ಫೋಟೋ ಇಟ್ಟುಕೊಳ್ಳಿ.

ಜಿಎಸ್‌ಟಿ ಬೇಕಾ?

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಎಲ್ಲರಿಗೂ ಭಯ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ಒಬ್ಬನೇ ಬೈಕ್ ಓಡಿಸೋನು ಅದರ ಹತ್ತಿರವೂ ಹೋಗಲ್ಲ. 2025ರ ಸೆಪ್ಟೆಂಬರ್ 22ರಿಂದ ಆ್ಯಪ್ ಮೂಲಕ ನಡೆಯುವ ಸ್ಥಳೀಯ ಡೆಲಿವರಿಗೆ, ಡೆಲಿವರಿ ಮಾಡುವವರು ನೋಂದಾಯಿತರಲ್ಲದಿದ್ದರೆ, ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್ ಕಂಪನಿಯದ್ದು. ಬೇಡದ ಜಿಎಸ್‌ಟಿ ನಂಬರ್ ಮಾಡಿಸಿಕೊಳ್ಳಬೇಡಿ. ಆಮೇಲೆ ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕ್ತಾ ಇರಬೇಕು.

ರೇಷನ್ ಕಾರ್ಡ್, ಗೃಹಲಕ್ಷ್ಮಿ ಹೋಗುತ್ತಾ?

ಎಲ್ಲರೂ ಕೇಳೋ ಪ್ರಶ್ನೆ ಇದೇ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಗೃಹಲಕ್ಷ್ಮಿಯ 2,000 ಸಿಗಲ್ಲ. ಸೊನ್ನೆ ತೆರಿಗೆಯ ರಿಟರ್ನ್ ಹಾಕಿ ರೀಫಂಡ್ ಪಡೆದವರು ತೆರಿಗೆ ಕಟ್ಟಿದವರಲ್ಲ. ಹೆಸರು ತಪ್ಪಾಗಿ ಪಟ್ಟಿಗೆ ಸೇರಿದರೆ ರಿಟರ್ನ್ ಸ್ವೀಕೃತಿ ಪತ್ರ ಹಿಡಿದು ತಾಲೂಕಿನ ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಿ. ಜಿಎಸ್‌ಟಿ ನಂಬರ್ ಸುಮ್ಮನೆ ಮಾಡಿಸಬೇಡಿ ಅಂದಿದ್ದು ಇದಕ್ಕೂ ಸೇರಿ.

ಬಿಪಿಎಲ್ ಕಾರ್ಡ್ ವಿಷಯ ಬೇರೆ. ಅಲ್ಲಿ ಕುಟುಂಬದ ಆದಾಯಕ್ಕೆ ವರ್ಷಕ್ಕೆ 1.20 ಲಕ್ಷದ ಮಿತಿ ಇದೆ. ಬ್ಯಾಂಕಿಗೆ ಒಂದು ಆದಾಯ, ಆಹಾರ ಇಲಾಖೆಗೆ ಇನ್ನೊಂದು ಅಂತ ತೋರಿಸೋಕೆ ಆಗಲ್ಲ. ರಿಟರ್ನ್ ಹಾಕದಿದ್ದರೆ ಗೊತ್ತಾಗಲ್ಲ ಅನ್ನೋದೂ ಭ್ರಮೆ. ಕಂಪನಿ ಟಿಡಿಎಸ್ ಲೆಕ್ಕ ಸಲ್ಲಿಸಿದ ಮೇಲೆ ನಿಮ್ಮ ಪ್ಯಾನ್‌ನಲ್ಲಿ ಹಣ ದಾಖಲಾಗುತ್ತೆ. ರಿಟರ್ನ್ ಹಾಕಿದರೆ ಅದರ ಪಕ್ಕದಲ್ಲಿ ನಿಮ್ಮ ಖರ್ಚೂ ದಾಖಲೆಗೆ ಬರುತ್ತೆ.

ಅಂಗಡಿಯವರಿಗೆ ಎರಡು ಮಾತು

ನಿಮ್ಮದೇ ಡೆಲಿವರಿ ಹುಡುಗ ಅಥವಾ ಗೂಡ್ಸ್ ಆಟೋ ಇಟ್ಟುಕೊಂಡಿದ್ದೀರಾ? ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿರದಿದ್ದರೆ, ಅಂಗಡಿ ನಿಮ್ಮ ಸ್ವಂತ ಹೆಸರಲ್ಲಿದ್ದರೆ, ಗುತ್ತಿಗೆ ಹಣದಲ್ಲಿ ಟಿಡಿಎಸ್ ಹಿಡಿಯಬೇಕಿಲ್ಲ. ಲೆಕ್ಕಪುಸ್ತಕ ಇಟ್ಟು ಖರ್ಚು ತೋರಿಸೋರು ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಮಾನ್ಯ ಆಗಲ್ಲ. ಗೂಡ್ಸ್ ಗಾಡಿ ಬಾಡಿಗೆಗೆ ಈ ಮಿತಿ 35,000. ಹುಡುಗನ ದುಡ್ಡು ಯುಪಿಐನಲ್ಲಿ ಕೊಟ್ಟರೆ ನಿಮಗೂ ದಾಖಲೆ, ಅವನಿಗೂ ದಾಖಲೆ.

ಹಾಕೋದು ಹೇಗೆ?

1. ಪ್ಯಾನ್–ಆಧಾರ್ ಲಿಂಕ್ ಇದೆಯಾ ನೋಡಿ.
2. ಪೋರ್ಟಲ್‌ನಲ್ಲಿ ಬ್ಯಾಂಕ್ ಖಾತೆ ದೃಢೀಕರಿಸಿ. ರೀಫಂಡ್ ಬರೋದು ಅಲ್ಲಿಗೇ.
3. 26ಎಎಸ್ ಮತ್ತು ಎಐಎಸ್ ತೆಗೆದು ಕಂಪನಿಯ ಪೇಔಟ್ ಪಟ್ಟಿಗೆ ತಾಳೆ ನೋಡಿ.
4. ಐಟಿಆರ್-4 ತುಂಬಿ. ಪೋರ್ಟಲ್‌ನಲ್ಲಿ ಇದು ಉಚಿತ.
5. 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ಇದನ್ನು ಬಿಟ್ಟರೆ ರಿಟರ್ನ್ ಹಾಕಿದಂತೆಯೇ ಅಲ್ಲ.

ಸಹಾಯವಾಣಿ: 1800 103 0025. ಬೇರೆಯವರ ಕೈಲಿ ಮಾಡಿಸಿದರೂ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. “ಹತ್ತು ಸಾವಿರ ರೀಫಂಡ್ ಕೊಡಿಸ್ತೀನಿ” ಅನ್ನೋರನ್ನು ನಂಬಬೇಡಿ. ನಿಮ್ಮಿಂದ ಕಟ್ ಆಗಿದ್ದಕ್ಕಿಂತ ಹೆಚ್ಚು ತೆರಿಗೆ ವಾಪಸ್ ಬರೋಕೆ ಸಾಧ್ಯವಿಲ್ಲ. ಸುಳ್ಳು ಲೆಕ್ಕ ತೋರಿಸಿ ತರಿಸಿದರೆ ನಾಳೆ ನೋಟಿಸ್ ಬರೋದು ನಿಮ್ಮ ಹೆಸರಿಗೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ನಂಬರುಗಳು ಬದಲಾಗಿವೆ. ಆ ದಿನದಿಂದ ಮುಂದಿನ ದುಡಿಮೆಗೆ ಹೊಸ ನಂಬರು, ಮೇಲೆ ಹೇಳಿದ ವರ್ಷಕ್ಕೆ ಹಳೇ ನಂಬರುಗಳೇ. ಓಡೋಮೀಟರ್ ಫೋಟೋ ಮತ್ತು ಪೆಟ್ರೋಲ್ ಲೆಕ್ಕ ಮಾತ್ರ ಯಾವ ಕಾಯ್ದೆ ಬಂದರೂ ಬೇಕು.