ಎಲುಬಿಗೆ ಅಂಟು

ಮುರಿದ ಎಲುಬನ್ನು ಎರಡು-ಮೂರು ನಿಮಿಷಗಳಲ್ಲಿ ಅಂಟಿಸಬಲ್ಲ ‘ಬೋನ್-02’ ಎಂಬ ಅಂಟನ್ನು ಸಿದ್ಧಪಡಿಸಿರುವುದಾಗಿ ಚೀನಾದ ಝೆಜಿಯಾಂಗ್ ಪ್ರಾಂತದ ವೈದ್ಯರು 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಸುದ್ದಿಯನ್ನು ನನಗೆ ಕಳುಹಿಸಿದ ಹಳೆಯ ವಿದ್ಯಾರ್ಥಿಯೊಬ್ಬನ ಷರಾ ಹೀಗಿತ್ತು: “ಸರ್, ನಮ್ಮ ಊರಾಗಿನ ತತ್ತಿ-ಉದ್ದಿನ ಕಟ್ಟು ಈಗ ಚೀನಾದಿಂದ ಬಂತು ನೋಡ್ರಿ!” ನಕ್ಕೆನಾದರೂ ಇವೆರಡರ ವ್ಯತ್ಯಾಸವನ್ನು ಬರೆಯಬೇಕೆನಿಸಿತು.

ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಹೊಲದ ಊರುಗಳಲ್ಲಿ ಚಕ್ಕಡಿಯಿಂದ ಬಿದ್ದವರೂ ಹುಣಸೇಮರದಿಂದ ಜಾರಿದ ಹುಡುಗರೂ ಕಾರಹುಣ್ಣಿಮೆಯ ಕರಿ ಹರಿಯುವಾಗ ಎತ್ತಿನ ಕಾಲಿಗೆ ಸಿಕ್ಕವರೂ ಮೊದಲು ಹೋಗುತ್ತಿದ್ದುದು ಎಲುಬು ಕಟ್ಟುವವರ ಬಳಿಗೆ. ಅವರು ಬೆರಳಿನಿಂದಲೇ ಮುರಿತವನ್ನು ತಡಕಿ, ಎಳೆದು ಕೂಡಿಸಿ, ತತ್ತಿಯ ಬಿಳಿಲೋಳೆಯಲ್ಲಿ ಕಲಸಿದ ಉದ್ದಿನ ಹಿಟ್ಟನ್ನು ಬಳಿದು, ಅರಿವೆ ಸುತ್ತಿ, ಬಿದಿರಿನ ದಬ್ಬೆಗಳಿಂದ ಬಿಗಿಯುತ್ತಿದ್ದರು. ಒಣಗಿದ ಲೇಪ ಕಲ್ಲಿನಂತಾಗುತ್ತಿತ್ತು. ತತ್ತಿ ಮುಟ್ಟದ ಮನೆಗಳವರಿಗೆ ಈ ಕಾರ್ಯ ಹೊರಗಿನ ಕಟ್ಟೆಯ ಮೇಲೆಯೇ ಆಗಬೇಕಿತ್ತು!

ಇದನ್ನು ಹಳ್ಳಿಯ ಮೌಢ್ಯವೆಂದು ತಳ್ಳಿಹಾಕಲಾಗದು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆಯೂ ಬ್ಯಾಂಡೇಜು ಗಟ್ಟಿಯಾಗಲು ತತ್ತಿಯ ಲೋಳೆಯನ್ನು ಬಳಸಿದ್ದನು. 1834ರಲ್ಲಿ ಬೆಲ್ಜಿಯಮ್ಮಿನ ಸ್ಯೂಟಿನ್ ಗಂಜಿಯನ್ನು ಬಳಸಿದನು. ನಮ್ಮ ಧೋತರಕ್ಕೆ ಹಾಕುವಂಥ ಗಂಜಿಯೇ. 1852ರಲ್ಲಿ ಡಚ್ ಸೇನಾವೈದ್ಯ ಮಾಥೈಸನ್ ಅರಿವೆಗೆ ಜಿಪ್ಸಮ್ ಪುಡಿ ತಿಕ್ಕಿ ಇಂದಿನ ಪ್ಲಾಸ್ಟರಿಗೆ ದಾರಿ ಮಾಡಿದನು. ಈ ಅಂಟುಗಳೆಲ್ಲ ಅಂಟಿಸಿದ್ದು ಅರಿವೆಯನ್ನು ಅರಿವೆಗೆ. ಎಲುಬು ಅಲುಗದಂತೆ ಹಿಡಿದಿಡುವುದಷ್ಟೇ ಅವುಗಳ ಕೆಲಸ. ಕೂಡುವ ಕೆಲಸವನ್ನು ಎಲುಬು ತಾನೇ ಮಾಡಿಕೊಳ್ಳುತ್ತದೆ.

ಅಪಾಯವಿದ್ದುದು ಬಿಗಿತದಲ್ಲಿ. ಮುರಿದ ಕೈ ಬಾಯುತ್ತದೆ, ಕಲ್ಲಿನಂಥ ಕಟ್ಟು ಹಿಗ್ಗುವುದಿಲ್ಲ. ರಕ್ತ ಹರಿಯದೆ ಮುಂದೋಳಿನ ಸ್ನಾಯುಗಳು ಸತ್ತು ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿದನು. ನನ್ನ ತರಗತಿಯಲ್ಲಿ ಇಂಥ ಬಲಗೈಯ ಹುಡುಗನೊಬ್ಬನಿದ್ದ. ಮೂರು ವರ್ಷ ಎಡಗೈಯಿಂದಲೇ ಪರೀಕ್ಷೆ ಬರೆದ. ಕಟ್ಟಿದವರು ದುಡ್ಡು ಕೇಳಿದವರಲ್ಲ, ಕೆಟ್ಟವರೂ ಅಲ್ಲ. ಆದರೆ ರಾತ್ರಿಯಿಡೀ ಅತ್ತ ಮಗುವಿನ ಕಟ್ಟನ್ನು ಬಿಚ್ಚಲು ಮನೆಯವರಿಗೂ ಧೈರ್ಯವಾಗಲಿಲ್ಲ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಿದಿರು, ಅತ್ತಿ, ಅರಳಿ, ಮುತ್ತುಗಗಳ ದಬ್ಬೆಗಳನ್ನು ಹೇಳಿರುವಂತೆಯೇ ಬಿಗಿಕಟ್ಟಿನಿಂದ ಬಾವು, ನೋವು, ಕೀವು ಉಂಟಾಗುವುದೆಂದೂ ಎಚ್ಚರಿಸಲಾಗಿದೆ. ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂಬ ವಿಧಿಯೂ ಇದೆ. ದಬ್ಬೆ ನಮ್ಮಲ್ಲಿ ಉಳಿಯಿತು, ವಿಧಿಯನ್ನು ಹಲವರು ಮರೆತರು. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಅಪಾಯವುಂಟು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬೆರಳನ್ನು ಚಾಚಿದಾಗ ತಡೆಯಲಾರದ ನೋವಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಎಲುಬಿಗೇ ಹಚ್ಚುವ ಅಂಟಿನ ಕಥೆ ಬೇರೆ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ‘ಆಸ್ಟಮರ್’ ಎಂಬ ಪಾಲಿಯುರೆಥೇನ್ ಅಂಟನ್ನು ಪ್ರಯೋಗಿಸಿದರು; ಸೋಂಕು ತಗಲಿತು, ಎಲುಬು ಕೂಡಲಿಲ್ಲ, ಕೈಬಿಟ್ಟರು. ಕೃತಕ ಕೀಲಿಗೆ ಹಾಕುವ ‘ಬೋನ್ ಸಿಮೆಂಟ್’ ಅಂಟಲ್ಲ, ಸಂದು ತುಂಬುವ ಗಾರೆ. ರಕ್ತದಿಂದ ಒದ್ದೆಯಾದ ಎಲುಬಿಗೆ ಯಾವುದೂ ಸರಿಯಾಗಿ ಹಿಡಿಯದಿರುವುದೇ ತೊಡಕು. ನೀರಿನೊಳಗೂ ಬಂಡೆಗೆ ಕಚ್ಚಿಕೊಳ್ಳುವ ಸಿಂಪಿಯನ್ನು ಚೀನಾದವರು ಮಾದರಿಯಾಗಿಟ್ಟುಕೊಂಡದ್ದು ಇದಕ್ಕಾಗಿಯೇ. ಆರು ತಿಂಗಳಲ್ಲಿ ಈ ಅಂಟು ದೇಹದಲ್ಲಿ ಕರಗಿಹೋಗುತ್ತದೆಂದೂ 150ಕ್ಕೂ ಹೆಚ್ಚು ರೋಗಿಗಳ ಮೇಲೆ ಪ್ರಯೋಗವಾಗಿದೆಯೆಂದೂ ಅವರು ಹೇಳಿದ್ದಾರೆ. ಸ್ಕ್ರೂ ಹಿಡಿಯದಷ್ಟು ಸಣ್ಣ ಚೂರುಗಳಿಗೆ ಇದು ಒದಗಿದರೆ ದೊಡ್ಡ ಉಪಕಾರ. ಆದರೆ ಆಸ್ಟಮರಿನ ಗತಿಯನ್ನು ಓದಿದವನಾದ ನಾನು ಇನ್ನಷ್ಟು ವರ್ಷಗಳ ಫಲಿತಾಂಶವನ್ನು ಕಾದು ನೋಡುವ ಪಕ್ಷದವನು.